ಸೂಳೆಕೆರೆ ಬೈಗುಳವಲ್ಲ

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಉಪನ್ಯಾಸ, ನಿದ್ದೆ ಬರುವುದು ಸಹಜ. ಅದಕ್ಕೇ ಬೈಗುಳದಿಂದಲೇ ಶುರು ಮಾಡುತ್ತೇನೆ.

ಮೊನ್ನೆ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಕೆಟ್ಟ ಪದಗಳ ಪಟ್ಟಿ ಕೊಟ್ಟು, ಇವು ಕಂಡ ಬರಹವನ್ನೆಲ್ಲ ತಡೆ ಅಂದೆ. ಅದು ಮೊದಲು ತಡೆದದ್ದು ಏನು ಗೊತ್ತಾ? ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ತುಂಬಿದ ಸುದ್ದಿ! ಶಾಂತಿಸಾಗರ ಅಂತ ಬರೆದಿದ್ದರೆ ಬಿಡುತ್ತಿತ್ತು. ನಮ್ಮಲ್ಲಿ ಹಾಗೆ ಕರೆಯುವವರು ಎಷ್ಟು ಜನ, ಅಲ್ವಾ?

ಇದು ಹಳೇ ತಾಪತ್ರಯ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಅಮೆರಿಕಾ ಆನ್‌ಲೈನ್ ಅನ್ನುವ ಇಂಟರ್‌ನೆಟ್ ಕಂಪನಿಯಲ್ಲಿ ಖಾತೆ ತೆರೆಯಲು ಆಗಲಿಲ್ಲ. ಊರ ಹೆಸರಿನೊಳಗೆ ನಾಲ್ಕಕ್ಷರದ ಹೊಲಸು ಪದವೊಂದು ಕೂತಿತ್ತು. ಈ ತಪ್ಪಿಗೆ ಇವತ್ತಿಗೂ ಆ ಊರಿನದೇ ಹೆಸರು.

ಪೂರ್ತಿ ಪದ ಸಿಕ್ಕರೆ ಮಾತ್ರ ತಡೆ ಅಂದರೆ? ಕನ್ನಡದಲ್ಲಿ ‘ಕತ್ತೆ’ ಸುಮ್ನೆ ನಿಲ್ಲುವುದಿಲ್ಲ. ಕತ್ತೆಗೆ, ಕತ್ತೆಯಂಥವನು, ಕತ್ತೇನೇ ಅಂತ ಬಾಲ ಬೆಳೆಸುತ್ತಾ ಹೋಗುತ್ತದೆ. ನಡುವೆ ಪಾಪದ ಕತ್ತೆಕಿರುಬ ಬೇರೆ. ಮೇಲಾಗಿ ಮೊಬೈಲ್‌ನಲ್ಲಿ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತೇವೆ, ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗು.

ಅದಕ್ಕೇ ಈಗ ಉದಾಹರಣೆ ಕೊಟ್ಟು ಕಲಿಸುತ್ತಾರೆ. ಸಾವಿರಾರು ವಾಕ್ಯ, ಪಕ್ಕದಲ್ಲಿ ‘ಸರಿ’, ‘ಕೆಟ್ಟದ್ದು’ ಅಂತ ಮನುಷ್ಯರು ಹಾಕಿದ ಗುರುತು. ಅದನ್ನು ನೋಡಿ ಕಲಿತ ಯಂತ್ರ ಹೊಸ ವಾಕ್ಯಕ್ಕೆ 0ರಿಂದ 1ರ ನಡುವೆ ಅಂಕ ಕೊಡುತ್ತದೆ. ಎಷ್ಟು ಬಂದರೆ ತಡೆಯಬೇಕು ಅನ್ನುವುದನ್ನು ನಾವು ಹೇಳಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿ ನೋಡಿದ್ದೀರಲ್ಲ? ಕಾದ ಮರಳಿನಲ್ಲಿ ಹುರಿದು ಜರಡಿಗೆ ಸುರಿಯುತ್ತಾರೆ. ಜರಡಿಯ ಕಣ್ಣು ದೊಡ್ಡದಾದರೆ ಸಣ್ಣ ಮಂಡಕ್ಕಿಯೂ ಮರಳಿನ ಜೊತೆ ಉದುರುತ್ತದೆ. ಚಿಕ್ಕದಾದರೆ ಬಾಯಿಗೆ ಮರಳು. ಮಕ್ಕಳ ಆ್ಯಪ್ ಆದರೆ ಒಂದಿಷ್ಟು ಮಂಡಕ್ಕಿ ಹೋದರೆ ಹೋಗಲಿ ಅನ್ನುತ್ತೇನೆ. ಸುದ್ದಿಗೆ ಬೇಡ, ಮತ್ತೆ ಸೂಳೆಕೆರೆ ಕಾಣೆಯಾಗುತ್ತದೆ.

ಈಗ ಎರಡು ವಾಕ್ಯ ಕೇಳಿ. ಬಹಳ ದಿನದ ಮೇಲೆ ಸಿಕ್ಕ ಗೆಳೆಯನಿಗೆ: “ಲೇ ಮಗನೇ, ಎಲ್ಲಿ ಸತ್ತಿದ್ದೆ?” ಇನ್ನೊಂದು: “ನಿಮ್ಮಂಥವರು ಊರ ಹೊರಗಿದ್ದರೇ ಚೆಂದ.” ಎರಡನೆಯದರಲ್ಲಿ ಒಂದೂ ಕೆಟ್ಟ ಪದ ಇಲ್ಲ. ಆದರೂ ಕೇಳಿದರೆ ಮೈ ಉರಿಯುತ್ತದೆ. ಊರ ಹೊರಗೆ ಯಾರನ್ನು ಇಟ್ಟಿದ್ದರು ಅಂತ ನಮಗೆ ಗೊತ್ತು. ಯಂತ್ರಕ್ಕೆ ಅದನ್ನು ಹೇಳಿಕೊಡಬೇಕಾದವರು ಕನ್ನಡದವರೇ. 2021ರಲ್ಲಿ ಸಂಶೋಧಕರು ಯೂಟ್ಯೂಬ್‌ನಲ್ಲಿ ಜನ ಬರೆದ ಮಾತುಗಳಿಗೆ ಹೀಗೆ ಗುರುತು ಹಾಕಿಸಿ, ಕೆಟ್ಟ ಮಾತನ್ನು ಯಾರ ಯಂತ್ರ ಚೆನ್ನಾಗಿ ಹಿಡಿಯುತ್ತದೆ ಅಂತ ಒಂದು ಸ್ಪರ್ಧೆ ನಡೆಸಿದರು. ತಮಿಳಿಗೆ 40,000ಕ್ಕೂ ಜಾಸ್ತಿ ಸಿಕ್ಕಿದ್ದವು. ಕನ್ನಡಕ್ಕೆ 8,000ವೂ ಇರಲಿಲ್ಲ.

ಈಗ ಹಾಳೆ ಹಂಚುತ್ತಿದ್ದಾರೆ. 20 ವಾಕ್ಯಗಳಿವೆ, ಗುರುತು ಹಾಕಿ. ಪಕ್ಕದವರದು ನೋಡಬೇಡಿ. ಬೆಳಗಿನ ಬ್ಯಾಚಿನಲ್ಲಿ ಏಳನೇ ವಾಕ್ಯಕ್ಕೆ ಇಬ್ಬರು ಹುಡುಗಿಯರು ಜಗಳವನ್ನೇ ಆಡಿದರು. ಒಬ್ಬಳು ತಮಾಷೆ ಅಂದಳು. ಇನ್ನೊಬ್ಬಳಿಗೆ ಅದೇ ಮಾತನ್ನು ಬಸ್ಸಿನಲ್ಲಿ ಯಾರೋ ಅಂದಿದ್ದರಂತೆ. ಆ ಜಾಗ ನಾನಿನ್ನೂ ಖಾಲಿ ಬಿಟ್ಟಿದ್ದೇನೆ. ಪೆನ್ ಇಲ್ಲದವರು ಕೈ ಎತ್ತಿ.