ಪೂರ್ತಿಯಾಗದ ಕಲ್ಲುಗುಪ್ಪೆ

ಕೇಳುಗರಿಗೆ ನಮಸ್ಕಾರ. ಸಭಾಪಾಲಕರಾಗಲು, ಅಂದರೆ ಚರ್ಚಿನ ಪಾದ್ರಿಯಾಗಲು ಓದುತ್ತಿರುವ ಹುಡುಗ ಹುಡುಗಿಯರೇ, ಇವತ್ತಿನ ಮಾತು ನಿಮಗೆ. ಉಳಿದವರೂ ಕೇಳಿ, ಬೇಡ ಅನ್ನುವುದಿಲ್ಲ.

ಹೇಳುವುದು ಒಂದೇ ವಿಷಯ. ಯಾವ ಜನರ ನಡುವೆ ಸೇವೆಗೆ ಹೋಗುತ್ತೀರೋ, ಅವರು ಪಟ್ಟ ಪಾಡನ್ನು ಮೊದಲು ಓದಿ. ಉಪದೇಶ ಆಮೇಲೆ.

ಕೆನಡಾವನ್ನೇ ನೋಡಿ. ನೂರು ವರ್ಷಕ್ಕೂ ಜಾಸ್ತಿ ಕಾಲ ಅಲ್ಲಿ ಸರ್ಕಾರ ದುಡ್ಡು ಕೊಟ್ಟಿತು, ಚರ್ಚುಗಳು ವಸತಿ ಶಾಲೆ ನಡೆಸಿದವು. 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳು ಅಲ್ಲಿದ್ದರು. ಬಂದ ದಿನವೇ ಕೂದಲು ಕತ್ತರಿಸುತ್ತಿದ್ದರು. ಮನೆಮಾತು ಆಡಿದರೆ ಏಟು. ಸಾವಿರಾರು ಮಕ್ಕಳು ಮನೆಗೆ ವಾಪಸ್ ಬರಲೇ ಇಲ್ಲ. ಇದನ್ನೆಲ್ಲ ನಡೆಸಿದವರು ದಿನಾ ಪ್ರಾರ್ಥನೆ ಮಾಡುತ್ತಿದ್ದವರು, ಮರೀಬೇಡಿ.

ಈಗ ನನಗೆ ತುಂಬ ಇಷ್ಟವಾದ ಸಂಗತಿ. 1981ರಲ್ಲಿ ಆಲ್ಬರ್ಟಾ ಬಿಲ್ಲಿ ಎಂಬ ಮೂಲನಿವಾಸಿ ಮಹಿಳೆ, ಆ ಶಾಲೆಗಳನ್ನು ನಡೆಸಿದ ಚರ್ಚುಗಳಲ್ಲೊಂದಾದ ಯುನೈಟೆಡ್ ಚರ್ಚ್ ಆಫ್ ಕೆನಡಾದ ಸಭೆಯಲ್ಲಿ ಎದ್ದು ನಿಂತು, ನೀವು ನಮ್ಮ ಕ್ಷಮೆ ಕೇಳಬೇಕು ಅಂದರು. ಕೇಳಲು ಐದು ವರ್ಷ ಬೇಕಾಯಿತು! 1986ರ ಆಗಸ್ಟ್, ಸಡ್‌ಬರಿ ಊರು. ಒಳಗೆ ಚರ್ಚೆ, ಹೊರಗೆ ಮೂಲನಿವಾಸಿ ಹಿರಿಯರು ಕಾಯುತ್ತಿದ್ದರು. ಕೊನೆಗೆ ಮಾಡರೇಟರ್, ಅಂದರೆ ಆ ಚರ್ಚಿನ ಮುಖ್ಯಸ್ಥರು, ರಾಬರ್ಟ್ ಸ್ಮಿತ್ ಹೊರಗೆ ಬಂದು ಕ್ಷಮೆ ಕೇಳಿದರು. ನಮ್ಮ ಪಾಶ್ಚಾತ್ಯ ರೀತಿನೀತಿಯನ್ನೇ ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಅಂದುಕೊಂಡೆವು ಎಂದು ಒಪ್ಪಿಕೊಂಡರು.

ಕ್ಲಾಸಿನಲ್ಲಿ ಇಲ್ಲಿಗೆ ಬಂದಾಗಲೆಲ್ಲ ಒಬ್ಬರಾದರೂ ಕೇಳುತ್ತಾರೆ, “ಮುಗೀತಲ್ವಾ ಸರ್?” ಇಲ್ಲಪ್ಪ, ಮುಗೀಲಿಲ್ಲ. 1988ರಲ್ಲಿ ಎಡಿತ್ ಮೆಮ್ನೂಕ್ ಎಂಬ ಹಿರಿಯರು ಮೂಲನಿವಾಸಿಗಳ ಪರವಾಗಿ ಉತ್ತರ ಕೊಟ್ಟರು. ನಿಮ್ಮ ಮಾತು ನಮಗೆ ತಲುಪಿದೆ ಅಂದರು. ಕ್ಷಮಿಸಿದ್ದೇವೆ ಅನ್ನಲಿಲ್ಲ. ನಡೆದು ತೋರಿಸಿ ಎಂಬುದು ಅದರ ಅರ್ಥ. ಸಡ್‌ಬರಿಯಲ್ಲಿ ನೆನಪಿಗೆಂದು ಪೇರಿಸಿದ ಕಲ್ಲುಗುಪ್ಪೆಯನ್ನೂ ಬೇಕಂತಲೇ ಅರ್ಧಕ್ಕೆ ಬಿಟ್ಟರು.

ಇನ್ನೊಂದು ಗಮನಿಸಿ. ಆ 1986ರ ಕ್ಷಮೆಯಲ್ಲಿ ವಸತಿ ಶಾಲೆಯ ಹೆಸರೇ ಇರಲಿಲ್ಲ! ಅದರ ಹೆಸರು ಹಿಡಿದು ಕ್ಷಮೆ ಕೇಳಿದ್ದು 1998ರಲ್ಲಿ. ಸುಮ್ನೆ ‘ತಪ್ಪಾಯಿತು’ ಅನ್ನಬಹುದು. ಏನು ತಪ್ಪಾಯಿತು ಎಂದು ಹೇಳಬೇಕಾದರೆ ಓದಲೇಬೇಕು, ಬದುಕಿ ಉಳಿದವರ ಮುಂದೆ ಕೂತು ಕೇಳಲೇಬೇಕು.

ಅಯ್ಯೋ, ಸಮಯ ಆಗಿಬಿಟ್ಟಿತು. ಪೋಪ್ ಫ್ರಾನ್ಸಿಸ್ 2022ರಲ್ಲಿ ಕೆನಡಾದ ಮಾಸ್ಕ್‌ವಾಚೀಸ್ ಎಂಬ ಊರಿಗೆ ಹೋಗಿ ಕ್ಷಮೆ ಕೇಳಿದ್ದನ್ನು ಹೇಳಬೇಕೆಂದಿದ್ದೆ, ಬಿಡಿ. ಇಷ್ಟು ಮಾತ್ರ ಹೇಳುತ್ತೇನೆ. 2015ರಲ್ಲಿ, ಈ ವಸತಿ ಶಾಲೆಗಳ ಬಗ್ಗೆ ವಿಚಾರಿಸಿದ ಕೆನಡಾದ ಸತ್ಯ ಮತ್ತು ಸಮನ್ವಯ ಆಯೋಗ 94 ಬೇಡಿಕೆ ಇಟ್ಟಿತು. ಅರವತ್ತನೆಯದು, ಪಾದ್ರಿಯಾಗಲು ಓದುವವರಿಗೆಲ್ಲ ಈ ಚರಿತ್ರೆಯನ್ನು ಕಲಿಸಬೇಕು ಅನ್ನುವುದು.

ನಿಮ್ಮ ಟೈಮ್‌ಟೇಬಲ್ ತೆಗೆದು ನೋಡಿ. ಗ್ರೀಕ್ ವ್ಯಾಕರಣಕ್ಕೆ ವಾರಕ್ಕೆ ಎಷ್ಟು ಗಂಟೆ ಇದೆ, ಇದಕ್ಕೆ ಎಷ್ಟು? ನಮಸ್ಕಾರ.