ಅಸಮಾನ ಒಪ್ಪಂದಗಳ ನೆನಪು ಮತ್ತು ಅಂತರರಾಷ್ಟ್ರೀಯ ಕಾನೂನಿನ ವಿದ್ವತ್ತು

ಸಭಿಕರೇ,

1865ರಲ್ಲಿ ಚೀನಾ ಮತ್ತು ಬೆಲ್ಜಿಯಂ ಮಾಡಿಕೊಂಡ ಒಪ್ಪಂದದಲ್ಲಿ 46ನೆಯ ವಿಧಿ ಎಂಬುದೊಂದಿತ್ತು. ಹತ್ತು ವರ್ಷಕ್ಕೊಮ್ಮೆ ಒಪ್ಪಂದದ ಪರಿಷ್ಕರಣೆಯನ್ನು ಕೇಳುವ ಹಕ್ಕನ್ನು ಅದು ಬೆಲ್ಜಿಯಂಗೆ ಮಾತ್ರ ಕೊಟ್ಟಿತ್ತು. ಕಾಲ ಬದಲಾಗಿದೆ, ಈ ಒಪ್ಪಂದ ಇನ್ನು ನಡೆಯದು ಎಂದು 1926ರಲ್ಲಿ ಬೀಜಿಂಗ್ ಸರ್ಕಾರ ಸಾರಿದಾಗ, ಬೆಲ್ಜಿಯಂ ಹೇಗ್‌ನಲ್ಲಿದ್ದ ಅಂದಿನ ಅಂತರರಾಷ್ಟ್ರೀಯ ನ್ಯಾಯದ ಖಾಯಂ ನ್ಯಾಯಾಲಯದ ಮೆಟ್ಟಿಲೇರಿತು. ಎರಡೂ ದೇಶಗಳು ಹೊಸ ಒಪ್ಪಂದಕ್ಕೆ ಬಂದದ್ದರಿಂದ 1929ರಲ್ಲಿ ದಾವೆ ಹಿಂತೆಗೆಯಲ್ಪಟ್ಟಿತು. ದುರ್ಬಲರ ಮೇಲೆ ಹೇರಿದ ಒಪ್ಪಂದಕ್ಕೆ ಕಾನೂನಿನ ಬೆಲೆ ಎಷ್ಟು ಎಂಬ ಪ್ರಶ್ನೆಗೆ ತೀರ್ಪು ಸಿಗಲೇ ಇಲ್ಲ.

ಆ ಪ್ರಶ್ನೆಯನ್ನು ಮುಂದೆ ಕೈಗೆತ್ತಿಕೊಂಡವರು ವಿದ್ವಾಂಸರು. ಪೀಕಿಂಗ್ ವಿಶ್ವವಿದ್ಯಾಲಯದ ವಾಂಗ್ ತಿಯೆಯಾ ಅವರ ಚಿಂತನೆಯಲ್ಲಿ ಹೀಗೆ ಹೇರಲಾದ ಅಸಮಾನ ಒಪ್ಪಂದಗಳ ವಿಚಾರಕ್ಕೆ ಕೇಂದ್ರಸ್ಥಾನವಿದೆ. ನಮ್ಮಲ್ಲಿ ಆರ್.ಪಿ. ಆನಂದ್ ಅವರು, ಹೊಸದಾಗಿ ಸ್ವತಂತ್ರವಾದ ದೇಶಗಳು ಅಂತರರಾಷ್ಟ್ರೀಯ ಕಾನೂನನ್ನೇ ತಿರಸ್ಕರಿಸುತ್ತಿಲ್ಲ, ತಾವಿಲ್ಲದೆ ರೂಪುಗೊಂಡ ನಿಯಮಗಳನ್ನು ಬದಲಿಸಬೇಕೆಂದು ಕೇಳುತ್ತಿವೆ ಎಂದು ವಾದಿಸಿದರು. ಆಂಟನಿ ಆಂಘಿ ಇನ್ನೂ ಆಳಕ್ಕಿಳಿದು, ಸಾರ್ವಭೌಮತ್ವದ ಸಿದ್ಧಾಂತವೇ ವಸಾಹತುಶಾಹಿಯ ಮುಖಾಮುಖಿಯಲ್ಲಿ ರೂಪುಗೊಂಡಿತೆಂದು ತೋರಿಸಿದರು. ರಾಜತಾಂತ್ರಿಕ ರಂಗದಲ್ಲಿ ಗೆಲುವು ಅಷ್ಟು ಸುಲಭವಾಗಿರಲಿಲ್ಲ: ಒಪ್ಪಂದಗಳ ಕಾನೂನಿನ ಕುರಿತ 1969ರ ವಿಯೆನ್ನಾ ಒಡಂಬಡಿಕೆಯಲ್ಲಿ, ಬಲಪ್ರಯೋಗದಿಂದ ಇಲ್ಲವೇ ಅದರ ಬೆದರಿಕೆಯಿಂದ ಮಾಡಿಸಿದ ಒಪ್ಪಂದ ಅಸಿಂಧು ಎನ್ನುವ 52ನೆಯ ವಿಧಿಗೆ ಆರ್ಥಿಕ ಒತ್ತಡವನ್ನೂ ಸೇರಿಸಬೇಕೆಂಬ 19 ದೇಶಗಳ ಬೇಡಿಕೆ ಕೊನೆಗೆ ಒಂದು ಪ್ರತ್ಯೇಕ ಘೋಷಣೆಯಾಗಿ ಉಳಿಯಿತು.

ಚೀನಾದ ವಿದ್ವತ್ತನ್ನೂ ತೃತೀಯ ಜಗತ್ತಿನ ವಿದ್ವತ್ತನ್ನೂ ಒಂದೇ ಎಂದು ಎಣಿಸುವ ರೂಢಿಯಿದೆ, ನನಗದು ಒಪ್ಪಿಗೆಯಿಲ್ಲ. ನೆನಪು ಒಂದೇ ಆದರೂ ರಾಜ್ಯಶಕ್ತಿಯನ್ನು ಕಾಣುವ ಬಗೆ ಬೇರೆ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಬಿ.ಎಸ್. ಚಿಮ್ನಿಯವರಂಥವರು ವಸಾಹತೋತ್ತರ ರಾಜ್ಯವನ್ನೇ, ಅದು ತನ್ನ ಜನರ ಮೇಲೆ ನಡೆಸುವ ದಬ್ಬಾಳಿಕೆಯನ್ನೇ, ಪ್ರಶ್ನಿಸುತ್ತಾರೆ. ಚೀನಾದ ಮುಖ್ಯಧಾರೆಯಲ್ಲಿ ಸಾರ್ವಭೌಮತ್ವವು ಹೆಚ್ಚಾಗಿ ಗುರಾಣಿಯಾಗಿಯೇ ಉಳಿದಿದೆ. ವಿದ್ವಾಂಸರೂ ವಿದೇಶಾಂಗ ಸಚಿವಾಲಯವೂ ಅಲ್ಲಿ ಅಷ್ಟು ಹತ್ತಿರ. 2010ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶೆಯಾದ ಶ್ಯೂ ಹಾನ್‌ಚಿನ್ ಅದಕ್ಕೂ ಮೊದಲು ಆ ಸಚಿವಾಲಯದ ಕಾನೂನು ವಿಭಾಗವನ್ನು ಮುನ್ನಡೆಸಿದ್ದವರು.

ದಕ್ಷಿಣ ಚೀನಾ ಸಮುದ್ರದ ವಿವಾದದಲ್ಲಿ ಈ ಅಂತರ ಬಯಲಾಯಿತು. ಫಿಲಿಪ್ಪೀನ್ಸ್ ಹೂಡಿದ್ದ ದಾವೆಯಲ್ಲಿ, ಆ ಸಮುದ್ರದ ಮೇಲೆ ಚೀನಾ ಮುಂದಿಟ್ಟ ಐತಿಹಾಸಿಕ ಹಕ್ಕುಗಳ ವಾದವನ್ನು ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿಯು 2016ರ ಜುಲೈ 12ರಂದು ತಳ್ಳಿಹಾಕಿದ ಮೇಲೆ, ಚೀನಾದ ಅಂತರರಾಷ್ಟ್ರೀಯ ಕಾನೂನು ಸಂಘವು ತೀರ್ಪನ್ನು ಖಂಡಿಸುವ ಸುದೀರ್ಘ ಅಧ್ಯಯನವನ್ನು 2018ರಲ್ಲಿ ಪ್ರಕಟಿಸಿತು. ಅದರ ಕೆಲವು ವಾದಗಳು, ಮುಖ್ಯವಾಗಿ ಮಂಡಳಿಯ ಅಧಿಕಾರವ್ಯಾಪ್ತಿಯ ಕುರಿತವು, ಗಂಭೀರ ಓದಿಗೆ ಅರ್ಹವಾಗಿವೆ. ಆದರೆ ಎದುರಾಳಿ ಫಿಲಿಪ್ಪೀನ್ಸ್ ಕೂಡ ವಸಾಹತಾಗಿದ್ದ ದೇಶವೇ, ಅದು ನೆಚ್ಚಿಕೊಂಡದ್ದು ಕರಾವಳಿ ದೇಶಕ್ಕೆ ಕಡಲ ಸಂಪನ್ಮೂಲದ ಹಕ್ಕು ಕೊಡುವ 200 ನಾಟಿಕಲ್ ಮೈಲಿಗಳ ವಿಶೇಷ ಆರ್ಥಿಕ ವಲಯವನ್ನು. ಆ ವಲಯದ ಕಲ್ಪನೆಯನ್ನು 1970ರ ದಶಕದ ಆರಂಭದಲ್ಲಿ ಮುಂದಿಟ್ಟದ್ದು ಕೆನ್ಯಾ. 200 ಮೈಲಿಗಾಗಿ ಲ್ಯಾಟಿನ್ ಅಮೆರಿಕದ ದೇಶಗಳು ಹೂಡಿದ್ದ ಹೋರಾಟಕ್ಕೆ ಅದೇ ದಶಕದಲ್ಲಿ ವಿಶ್ವಸಂಸ್ಥೆಯಲ್ಲಿ ಗಟ್ಟಿಯಾಗಿ ದನಿಗೂಡಿಸಿದ್ದು ಸ್ವತಃ ಚೀನಾ.