ಭಾನುವಾರದ ತಿಂಡಿ ಯಾರು ಮಾಡ್ತಾರೆ?

ಕೇಳುಗರಿಗೆ ನಮಸ್ಕಾರ.

ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್ ಓಟ. ಈ ವಿಚಿತ್ರ ಲೆಕ್ಕ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ಆಗ ಓಟ ಶುರುವಾದದ್ದು ವಿಂಡ್ಸರ್ ಅರಮನೆಯ ಆವರಣದಲ್ಲಿ. ಅರಮನೆಯ ಮಕ್ಕಳು ಕಿಟಕಿಯಿಂದ ನೋಡಲಿ ಅಂತ ಹಾಗೆ ಮಾಡಿದರು ಅನ್ನೋ ಕಥೆಯೂ ಇದೆ. ನಮ್ಮ ಮನೆಗಳಲ್ಲಿ ಮಾತ್ರ ಮಕ್ಕಳು ಏಳುವಷ್ಟರಲ್ಲಿ ಓಟ ಮುಗಿದಿರಬೇಕು!

ಮನೆ, ಕೆಲಸ, ಮಕ್ಕಳು ಎಲ್ಲಾ ಇಟ್ಟುಕೊಂಡು ಇದಕ್ಕೆ ತಯಾರಾಗೋದು ಹೇಗೆ ಅಂತ ಕೇಳಿದರೆ, ಬೆಳಿಗ್ಗೆ ಬೇಗ ಏಳಿ ಅಂತಾರೆ. ಏಳಬಹುದು, ಅದೇನು ಮಹಾ. ಆದರೆ ನಾಲ್ಕೂವರೆಗೆ ಏಳಬೇಕಾದರೆ ಒಂಬತ್ತೂವರೆಗೆ ಮಲಗಬೇಕು. ಆ ಹೊತ್ತಿಗೆ ಅಡುಗೆಮನೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ನಾಳೆಯ ಪಲ್ಯಕ್ಕೆ ತರಕಾರಿ ಹೆಚ್ಚಿಟ್ಟು, ಚಾರ್ಟ್ ಪೇಪರ್ ಬೇಕು ಅಂತ ಮಗಳಿಗೆ ಆಗಲೇ ನೆನಪಾಗಿದ್ದರೆ ಅದನ್ನೂ ಹುಡುಕಿ ತರುವವರು ಯಾರು? ನೀವು ಮಲಗಿದಿರಿ ಅಂದರೆ ಆ ಕೆಲಸ ಇನ್ನೊಬ್ಬರ ತಲೆಗೆ ಬಿತ್ತು. ಹಾಗಾಗಿ ಅರ್ಜಿ ತುಂಬುವ ಮುಂಚೆ ಮನೆಯವರನ್ನು ಕೂರಿಸಿಕೊಂಡು ಮಾತಾಡಿ. ಗೋಡೆಯ ಕ್ಯಾಲೆಂಡರ್ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿ.

ಮುಂಬೈ ಮ್ಯಾರಥಾನನ್ನೇ ತೆಗೆದುಕೊಳ್ಳಿ. 2004ರಲ್ಲಿ ಶುರುವಾದ ಓಟ, ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. ಮೊದಲ ಸಲ ಓಡುವವರಿಗೆ ಹದಿನಾರರಿಂದ ಹದಿನೆಂಟು ವಾರದ ತಯಾರಿ ಬೇಕು. ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಬರುತ್ತದೆ. ಅಂದರೆ ದಸರಾ ಗೊಂಬೆ, ಮಕ್ಕಳ ರಜೆ, ದೀಪಾವಳಿ, ಆಮೇಲೆ ಸಾಲು ಸಾಲು ಮದುವೆ, ಎಲ್ಲವೂ ಇದರ ಮಧ್ಯೆಯೇ ಬರುತ್ತವೆ. ಛತ್ರದಲ್ಲಿ ಹಿಂದಿನ ರಾತ್ರಿ ವರಪೂಜೆ ಮುಗಿಸಿ ಬೆಳಿಗ್ಗೆ ಇಪ್ಪತ್ತೈದು ಕಿಲೋಮೀಟರ್ ಓಡ್ತೀನಿ ಅನ್ನೋದು ಸುಮ್ನೆ ಮಾತು. ಪುಣ್ಯಕ್ಕೆ ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಬರುತ್ತದೆ, ಮದುವೆಗಳು ನಿಲ್ಲುತ್ತವೆ. ಅತಿ ಉದ್ದದ ಓಟಗಳೂ ಹೆಚ್ಚುಕಮ್ಮಿ ಆ ವಾರಗಳಲ್ಲೇ ಬೀಳುತ್ತವೆ. ಪಂಚಾಂಗ ನಮ್ಮ ಕಡೆಗಿದೆ, ಅಲ್ವಾ?

ವಾರಕ್ಕೆ ನಾಲ್ಕು ದಿನ ಓಡಿದರೆ ಸಾಕು. ನಡುವಾರದಲ್ಲಿ ಎರಡು ದಿನ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ, ಶನಿವಾರ ಸ್ವಲ್ಪ, ಭಾನುವಾರ ಉದ್ದದ ಓಟ. ಹೆಚ್ಚಿನ ಓಟ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನವಾಗಿರಲಿ. ಏದುಸಿರು ಬಂತೆಂದರೆ ವೇಗ ಜಾಸ್ತಿಯಾಯಿತು ಅಂತ. ವಾರಪೂರ್ತಿ ಜೋರಾಗಿ ಓಡಿ ಸುಸ್ತಾದವರು ಮನೆಯಲ್ಲಿ ಸಿಡಿಮಿಡಿ ಅನ್ನುತ್ತಾರೆ, ಅದನ್ನು ಅನುಭವಿಸೋದು ಮಿಕ್ಕವರು.

ಭಾನುವಾರದ ಲೆಕ್ಕ ನೋಡಿ. ಕಿಲೋಮೀಟರಿಗೆ ಏಳು ನಿಮಿಷದಂತೆ ಮೂವತ್ತು ಕಿಲೋಮೀಟರಿಗೆ ಮೂರೂವರೆ ಗಂಟೆ. ಐದಕ್ಕೆ ಹೊರಟರೆ ಎಂಟೂವರೆಗೆ ಮುಗಿಯಿತು. ಆದರೆ ಕಬ್ಬನ್ ಪಾರ್ಕಿನ ಸುತ್ತಮುತ್ತ ಹೋಟೆಲುಗಳಲ್ಲಿ ಹತ್ತು ಗಂಟೆಗೂ ಬೆವರಿದ ಟೀ ಶರ್ಟಿನಲ್ಲೇ ಕೂತು ಎರಡನೇ ಕಾಫಿ ಕುಡಿಯುತ್ತಿರುವ ಗಂಡಸರನ್ನು ನೋಡಿದಾಗ ನನಗೆ ಬರುವ ಪ್ರಶ್ನೆ, ಇವರ ಮನೆಯಲ್ಲಿ ಇವತ್ತು ತಿಂಡಿ ಯಾರು ಮಾಡಿದರು? ಅದೂ ಸಾಲದು ಅಂತ ಮನೆಗೆ ಬಂದು ಮಧ್ಯಾಹ್ನ ಮೂರು ಗಂಟೆ ಗೊರಕೆ. ಓಟಕ್ಕಿಂತ ಓಟದ ಬಾಲವೇ ಉದ್ದ. ಮನೆಯವರಿಗೆ ಬೇಜಾರಾಗೋದು ಆ ಬಾಲದಿಂದ.

ಕೀನ್ಯಾದ ಎಲಿಯುಡ್ ಕಿಪ್‌ಚೋಗೆ 2019ರಲ್ಲಿ ವಿಯೆನ್ನಾದಲ್ಲಿ ಈ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ಅವರ ತರಬೇತಿಯ ಪಟ್ಟಿ ಇಳಿಸಿಕೊಂಡು ನಕಲು ಮಾಡುವವರು ಒಂದು ವಿಷಯ ಮರೆಯುತ್ತಾರೆ. ಅವರು ವಾರದ ದಿನಗಳಲ್ಲಿ ಕೀನ್ಯಾದ ಕಪ್ಟಗಟ್ ಅನ್ನೋ ಊರಿನ ತರಬೇತಿ ಶಿಬಿರದಲ್ಲಿರುತ್ತಿದ್ದರು, ಹೆಂಡತಿ ಮಕ್ಕಳ ಹತ್ತಿರ ಬರುತ್ತಿದ್ದದ್ದು ವಾರಾಂತ್ಯಕ್ಕೆ. ನಮಗೆ ಬಿಎಂಟಿಸಿ ಬಸ್ಸೂ ಹಿಡಿಯಬೇಕು, ಸ್ಕೂಲಿನ ಮೀಟಿಂಗಿಗೂ ಹೋಗಬೇಕು.

ಹೆಂಗಸರಿಗೆ ಇನ್ನೂ ಒಂದು ಸುತ್ತು ಜಾಸ್ತಿ. ಕತ್ತಲಲ್ಲಿ ಒಬ್ಬಳೇ ಹೋಗೋದಾ, ಬೀದಿನಾಯಿ ಇರುತ್ತಾ, ಬೀದಿದೀಪ ಉರಿಯುತ್ತಾ ಅನ್ನೋ ಯೋಚನೆ. ನಾಲ್ಕೈದು ಜನ ಸೇರಿ ಓಡೋದೇ ವಾಸಿ, ಇಲ್ಲವೇ ಬಡಾವಣೆಯ ಒಳಗೇ ಸುತ್ತು ಹಾಕಬೇಕು. ಬೇಸರದ ಕೆಲಸ, ಆದರೆ ಮಗು ಎದ್ದು ಅತ್ತರೆ ಎರಡು ನಿಮಿಷದಲ್ಲಿ ಮನೆ ಸೇರಬಹುದು. ನಮ್ಮ ಅತ್ತೆ ಕೇಳೋದು, "ಅಷ್ಟು ಓಡಿ ಎಲ್ಲಿಗೆ ಹೋಗ್ತೀಯಮ್ಮ, ತಿರುಗಿ ಇಲ್ಲಿಗೇ ತಾನೇ ಬರೋದು?" ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಭಾನುವಾರ ಇಡ್ಲಿ ಪಾತ್ರೆ ಒಲೆಗಿಡೋದು ಈಗ ನಮ್ಮೆಜಮಾನರು. ಪರವಾಗಿಲ್ಲ, ಮೃದುವಾಗೇ ಬರುತ್ತೆ.

ಮಗನನ್ನು ಈಜಿಗೆ ಬಿಟ್ಟ ಒಂದು ಗಂಟೆ ಅಲ್ಲೇ ಸುತ್ತ ಓಡಬಹುದು, ಫೋನ್ ನೋಡ್ತಾ ಕೂರೋ ಬದಲು. ಆಫೀಸಿನಿಂದ ಮನೆಗೆ ಏಳೆಂಟು ಕಿಲೋಮೀಟರ್ ಇದ್ದರೆ ಓಡಿಕೊಂಡೇ ಬನ್ನಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕೆಲವು ಸಂಜೆ ಬಸ್ಸಿಗಿಂತ ಮುಂಚೆ ತಲುಪಿರುತ್ತೀರಿ. ಮಗುವಿಗೆ ಜ್ವರ ಬಂದು ರಾತ್ರಿಯೆಲ್ಲಾ ಎದ್ದಿದ್ದರೆ ಅವತ್ತಿನ ಓಟ ಬಿಡಿ. ತಪ್ಪಿದ್ದನ್ನು ಮರುದಿನದ್ದಕ್ಕೆ ಸೇರಿಸಿ ಎರಡರಷ್ಟು ಓಡಲು ಹೋಗಬೇಡಿ, ಮಂಡಿ ಹೋಗೋದು ಹಾಗೇ. ನಿಮಗೇ ಅಂತ ಬೇರೆ ಅಡುಗೆಯೂ ಬೇಡ. ಓಟಕ್ಕೆ ಮುಂಚೆ ಬಾಳೆಹಣ್ಣು, ಆಮೇಲೆ ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ, ಮನೆಯವರೆಲ್ಲ ತಿನ್ನುವ ಅನ್ನ ಸಾರು.

ಕೊನೆಯ ಎರಡು ಮೂರು ವಾರ ಓಟ ಕಡಿಮೆ ಮಾಡಬೇಕು, ದೇಹ ಸುಧಾರಿಸಿಕೊಳ್ಳಲಿ ಅಂತ. ಆ ಉಳಿದ ಸಮಯ ಮನೆಗೆ ಸೇರಿದ್ದು. ಸಂಕ್ರಾಂತಿಯ ಕೊಬ್ಬರಿ, ಬೆಲ್ಲ ಹೆಚ್ಚುವ ಕೆಲಸ ನೀವೇ ತೆಗೆದುಕೊಳ್ಳಿ. ಹಾಗೇ, ಎಲ್ಲರೂ ಮುಂಬೈಗೆ ಹೋಗೋದಾದರೆ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಬೇಗ ಟಿಕೆಟ್ ಮಾಡಿಸಿ, ಹಬ್ಬದ ವಾರ ಸೀಟು ಸಿಗೋದು ಕಷ್ಟ. ಆ ರೈಲು ಕೊನೆಗೆ ನಿಲ್ಲುವ ಛತ್ರಪತಿ ಶಿವಾಜಿ ನಿಲ್ದಾಣದ ಹತ್ತಿರವೇ ಮುಂಬೈ ಓಟ ಶುರುವಾಗೋದು.

ನಮಸ್ಕಾರ.